ಬಾಗಿಲ ಮೇಲಿನ ಲೋಳೆಸರ, ಬಚ್ಚಲ ಮೂಲೆಯ ಕಾಗದದ ಹೂವು

ನಿಮ್ಮನ್ನು ತಲೆಕೆಳಗಾಗಿ ಕಟ್ಟಿ ತೂಗುಹಾಕಿ, ಒಂದು ಹನಿ ನೀರೂ ಕೊಡದಿದ್ದರೆ ನೀವು ಎಷ್ಟು ಹೊತ್ತು ಸುಮ್ಮನಿರುತ್ತೀರಿ, ಹೇಳಿ ನೋಡೋಣ? ನಮ್ಮ ಮನೆಯ ತಲಬಾಗಿಲಿಗೆ ಒಂದು ಗಿಡ ಹಾಗೇ ಜೋತಾಡುತ್ತಿತ್ತು. ಸಾಯಲಿಲ್ಲ. ಹಸಿರು ಕೂಡ ಕಳೆದುಕೊಳ್ಳಲಿಲ್ಲ.

ಈಗ ಮೊಮ್ಮಗಳು ಗ್ಯಾಲರಿಯಲ್ಲಿ ಎರಡು ಕುಂಡ ಇಟ್ಟಿದ್ದಾಳೆ. ಒಂದರಲ್ಲಿ ಲೋಳೆಸರ, ಇನ್ನೊಂದರಲ್ಲಿ ಕಾಗದದ ಹೂವು, ಅವಳ ಬಾಯಲ್ಲಿ ಬೋಗನ್‌ವಿಲ್ಲಾ. "ಅಜ್ಜಿ, ಎರಡೂ ನೀರಿಲ್ದ ಬದುಕೋ ಗಿಡ ಅಂತ. ಯಾವುದಕ್ಕ ಎಷ್ಟು ಹಾಕ್ಬೇಕು, ಫೋನಿನಾಗ ಒಂದು ಸಾಲು ಬರದು ಕಳಸು" ಎಂದಳು. ಟೈಪು ಮಾಡಲು ಕಲಿಸಿದವಳೂ ಅವಳೇ. ಒಂದು ಸಾಲು ಎಂದು ಕೂತೆ, ಮುಗಿಯುತ್ತಿಲ್ಲ. ಈ ಎರಡು ಗಿಡಗಳು ನನ್ನ ತಲೆ ಕೆಡಿಸಿದ್ದು ಇವತ್ತು ನಿನ್ನೆಯ ಮಾತಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದೇವದುರ್ಗದ ಹುಡುಗಿ, ರಾಯಚೂರಿಗೆ ಸೊಸೆಯಾಗಿ ಬಂದವಳು. ಮೊದಲ ಸಲ ತವರಿಗೆ ಹೋಗಿ ಹೊರಡುವಾಗ ಅವ್ವ ಅಂಗಳದ ಕಾಗದದ ಹೂವಿನ ಗಿಡದಿಂದ ಒಂದು ದಪ್ಪ ಕಡ್ಡಿ ಮುರಿದು, ಹಸಿ ಬಟ್ಟೆ ಸುತ್ತಿ ಕೈಗಿಟ್ಟಳು. "ಊರಿ ಬಿಡು, ಹತ್ತತದ" ಎಂದಷ್ಟೇ ಹೇಳಿದಳು. ಎಷ್ಟು ನೀರು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಸ್ಸಿನಲ್ಲಿ ಕಲ್ಮಲ ಬರುವ ಹೊತ್ತಿಗೆ ಪಕ್ಕದ ಮುದುಕಿಗೆ ಮುಳ್ಳು ಚುಚ್ಚಿತು. "ಏನ್ ಬೇ ಇದು? ನಿಮ್ಮತ್ತಿಗಿ ಬಡಿಯಾಕ ಒಯ್ಯಾಕತ್ತೀಯೇನು?" ಎಂದು ಕೇಳಿ ಬಸ್ಸಿನವರನ್ನೆಲ್ಲ ನಗಿಸಿದಳು.

ಅತ್ತೆ ಮಾನ್ವಿಯವರು, ಕುರಿ ಸಾಕುವ ಮನೆತನದ ಹೆಣ್ಣುಮಗಳು. ತವರಿನ ಹೊಲದ ಬದುವಿನಿಂದ ಬೇರುಸಮೇತ ಕಿತ್ತು ತಂದ ಲೋಳೆಸರವನ್ನು ಬೇರು ಮೇಲೆ, ಎಲೆ ಕೆಳಗೆ ಮಾಡಿ ಬಾಗಿಲಿಗೆ ಕಟ್ಟಿದ್ದರು. ದೃಷ್ಟಿ ತಾಗಬಾರದೆಂದು ನಮ್ಮ ಕಡೆ ಕಟ್ಟುತ್ತಾರಲ್ಲ, ಹಾಗೆ. ನೇತಾಡಿಕೊಂಡೇ ಅದರ ಎಲೆಗಳ ತುದಿಗಳು ಮತ್ತೆ ಮೇಲಕ್ಕೆ ಬಾಗಿಕೊಂಡಿದ್ದವು. ಒಳಗೆ ಹೋಗುವಾಗ ಹೊರಗೆ ಬರುವಾಗ ಅದನ್ನು ನೋಡಿದರೆ ನನಗೇ ಬಾಯಾರುತ್ತಿತ್ತು.

"ಅತ್ತೀ, ಇದಕ್ಕ ಒಂದೀಟು ನೀರರ ಚಿಮುಕ್ಸೋಣೇನ್ರಿ?"

"ಅದರ ಹೊಟ್ಟಿ ತುಂಬ ನೀರದ. ನಿನ್ನ ಚಿಮುಕಸೂದು ಯಾರಿಗಿ ಬೇಕಾಗ್ಯದ?" ಎಂದು ಒಂದು ಎಲೆ ಮುರಿದು ತೋರಿಸಿದರು. ಲೋಳೆ ಮೊಣಕೈವರೆಗೆ ಇಳಿಯಿತು. ಆ ಲೋಳೆಯನ್ನು ನನ್ನ ತಲೆಗೇ ಸವರಿ, "ತಲಿ ತಣ್ಣಗಾಗ್ಲಿ, ಪ್ರಶ್ನಿ ಕಡಿಮಿ ಆಗ್ತಾವ" ಎಂದರು. ತಲೆ ತಣ್ಣಗಾಯಿತು. ಪ್ರಶ್ನೆ ಕಡಿಮೆಯಾಗಲಿಲ್ಲ.

ನನ್ನ ಕಡ್ಡಿಯನ್ನು ಹಿತ್ತಲ ಬಚ್ಚಲ ಮೂಲೆಯಲ್ಲಿ ಊರಿದೆ. ನಳದ ನೀರು ದಿನಬಿಟ್ಟು ದಿನ ಬರುತ್ತಿತ್ತು. ಆದರೂ ಅಕ್ಕಿ ತೊಳೆದದ್ದು, ಪಾತ್ರೆ ತೊಳೆದದ್ದು ಎಲ್ಲ ಅದಕ್ಕೇ ಸುರಿದೆ. ಮಾನ್ವಿಯಿಂದ ಒಂದು ಚೀಲ ಕುರಿಗೊಬ್ಬರ ಬಂತು, ಅದನ್ನೂ ಬುಡಕ್ಕೆ ಗುಡ್ಡೆ ಹಾಕಿದೆ. ಗಿಡ ಗೋಡೆಯ ಎತ್ತರಕ್ಕೆ ಎದ್ದಿತು. ಅಂಗೈಯಗಲದ ಎಲೆ, ಬೆರಳುದ್ದದ ಮುಳ್ಳು. ಹೂವು ಮಾತ್ರ ಒಂದೂ ಇಲ್ಲ. ಎರಡನೇ ವರ್ಷವೂ ಇಲ್ಲ. ತವರಿನಲ್ಲಿ ಇದೇ ಗಿಡದ ತಾಯಿ, ಯಾರೂ ತಿರುಗಿ ನೋಡದ ಗರಸು ಮಣ್ಣಿನಲ್ಲಿ ನಿಂತು, ಬೇಸಿಗೆ ಬಂದರೆ ಎಲೆ ಕಾಣದಷ್ಟು ಹೂವು ಹೊರುತ್ತಿತ್ತು. ಇಲ್ಲಿ ನೀರು ಕಡಿಮೆಯಾಯಿತೋ, ಗೊಬ್ಬರ ಕಡಿಮೆಯಾಯಿತೋ ಎಂದು ಇನ್ನೊಂದು ಕೊಡ ಸುರಿದೆ.

ಅತ್ತೆ ಬೇರೊಂದು ಲೋಳೆಸರದ ಮರಿಯನ್ನು ಒಡೆದ ಗಡಿಗೆಯಲ್ಲಿ ಇಟ್ಟಿದ್ದರು. ಒಂದಕ್ಕೆ ಹಾಕಿ ಒಂದಕ್ಕೆ ಬಿಡುವುದು ಸರಿಯಲ್ಲವೆಂದು ಅದಕ್ಕೂ ದಿನಾ ಒಂದು ಚೆಂಬು ಹಾಕಿದೆ. ಅದರ ಬುಡ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿ, ಮುಟ್ಟಿದರೆ ಕೈಗೇ ಬಂತು. ಅಂದರೆ ಹೇಗೆ? ಅದೇ ನೀರು ಕುಡಿದು ಒಂದು ಕೊಳೆಯಿತು, ಇನ್ನೊಂದು ಕೊಬ್ಬಿತು. ನೀರೇ ಕಾಣದ್ದು ಬಾಗಿಲಲ್ಲಿ ಆರಾಮಾಗಿತ್ತು.

"ಆಡು ಬ್ಯಾರೆ, ಕುರಿ ಬ್ಯಾರೆ ಬೇ. ಎರಡಕ್ಕೂ ಒಂದಾ ಮೇವು ಹಾಕ್ತಾರೇನು?" ಎಂದು ಅತ್ತೆ ನಕ್ಕರು. ಇದರಲ್ಲಿ ಆಡು ಯಾವುದು, ಕುರಿ ಯಾವುದು ಎಂದು ಕೇಳಿದೆ. ಅವರು ಗಡಿಗೆ ತೊಳೆಯಲು ಹೋದರು.

ನಾನು ಬಸುರಿಯಾದ ವರ್ಷ ದೀಪಾವಳಿ ಮುಗಿದ ಮೇಲೆ ಕಾಗದದ ಹೂವಿನ ಮುಳ್ಳಿಗೆ ಸಿಕ್ಕಿ ಅತ್ತೆಯ ಸೀರೆ ಹರಿಯಿತು. ಅವರು ಸೆರಗು ಬಿಡಿಸಿಕೊಂಡು ನನ್ನ ಕಡೆ ತಿರುಗಿದರು.

"ಉಗಾದಿ ತನ ನೋಡ್ತೀನಿ. ಒಂದರ ಹೂ ಬಿಡ್ಲಿಲ್ಲಂದ್ರ ಕಡಿಸಿ, ಅಲ್ಲಿ ಬಟ್ಟಿ ಒಗಿಯಾ ಬಂಡಿ ಹಾಕಸ್ತೀನಿ."

ಅತ್ತೆ ಆಡಿದರೆ ಮಾಡುವವರು. ಆ ಮನೆಯಲ್ಲಿ ನಾನು ತಂದದ್ದೆಂದು ಬೇರು ಬಿಟ್ಟಿದ್ದು ಅದೊಂದೇ. ಆದರೆ ಹೆರಿಗೆಗೆ ದೇವದುರ್ಗಕ್ಕೆ ಹೋಗಲೇಬೇಕಿತ್ತು. ಹೊರಡುವಾಗ ಗಂಡನಿಗೆ "ದಿನಾ ಎರಡು ಕೊಡ ಹಾಕ್ರಿ, ಮರೀಬ್ಯಾಡ್ರಿ" ಎಂದೆ. ಅವರು ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಏನರ್ಥವೆಂದು ನನಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಉಗಾದಿ ತವರಲ್ಲೇ ಕಳೆಯಿತು. ಬೇವುಬೆಲ್ಲ ಬಾಯಿಗಿಟ್ಟುಕೊಂಡರೂ ನನಗೆ ಕಣ್ಣೆದುರು ಬಟ್ಟೆ ಒಗೆಯುವ ಬಂಡೆಯೇ. ಮಗು ಎತ್ತಿಕೊಂಡು ರಾಯಚೂರಿಗೆ ಮರಳಿದಾಗ ಬಿಸಿಲು ಉರಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಲ್ಲಿಸಿ ನಮ್ಮಿಬ್ಬರಿಗೂ ರೊಟ್ಟಿ, ನೀರು ನಿವಾಳಿಸಿದರು. ತಲೆಯೆತ್ತಿದರೆ ಬಾಗಿಲ ಮೇಲೆ ಲೋಳೆಸರ ಇರಲಿಲ್ಲ, ಖಾಲಿ ದಾರ ಮಾತ್ರ. ಅವರದೇ ಹೋಗಿದೆ ಎಂದ ಮೇಲೆ ನನ್ನದು ಉಳಿದೀತೇ?

ಬಚ್ಚಲ ಕಡೆ ಹೋದೆ. ಗೋಡೆ ಕಾಣುತ್ತಿರಲಿಲ್ಲ. ಎಲೆಗಳೆಲ್ಲ ಉದುರಿ, ಗಿಡದ ತುಂಬ ರಾಣಿ ಗುಲಾಬಿ ಬಣ್ಣದ ಹೂವು. ಬುಡದ ಮಣ್ಣು ಬಿರುಕು ಬಿಟ್ಟಿತ್ತು. ಅದರ ಪಕ್ಕದಲ್ಲೇ ಬಾಗಿಲಿನ ಲೋಳೆಸರ, ಬಡಕಲಾಗಿ, ಕೆಂಪು ತಿರುಗಿ, ನೆಲದಲ್ಲಿ ನೆಟ್ಟಗೆ ಕೂತಿತ್ತು. ಅದರ ಬುಡ ಒದ್ದೆ. ಅತ್ತೆಯ ಕೈಯಲ್ಲಿ ಚೆಂಬು!

"ಅತ್ತೀ, ಅದಕ್ಕ ನೀರು ಬ್ಯಾಡ ಅಂದಿದ್ರಿ?"

"ಹೊಟ್ಟ್ಯಾಗಿಂದು ತೀರಿತು. ಈಗ ಬೇಕು. ಬೇರು ಹಿಡದ ಮ್ಯಾಲೆ ಮತ್ತ ಬ್ಯಾಡ."

"ಮತ್ತ ಇದಕ್ಕ?"

"ಹನಿ ಹಾಕಿಲ್ಲ. ನೀ ಹ್ವಾದ ಮ್ಯಾಲೆ ಎಲಿ ಉದರಿಸ್ತು, ಸತ್ತಿತು ಅನ್ಕೊಂಡೆ. ಆಮ್ಯಾಲೆ ನೋಡು, ಹುಚ್ಚು ಹಿಡದಂಗ ಬಿಡಾಕತ್ತಿತು."

"ಉಗಾದಿಗೇನ್ರಿ?"

ಅತ್ತೆ ಚೆಂಬು ಕೆಳಗಿಟ್ಟರು. "ಇಲ್ಲ. ಉಗಾದಿ ಆಗಿ ಎಷ್ಟೋ ದಿನಕ್ಕ."

"ಮತ್ತ ಕಡಿಸ್ಲಿಲ್ಲ?"

"ಬಾಣಂತಿ ತವರಾಗ ಇದ್ದಾಗ ಆಕಿ ತಂದ ಗಿಡ ಕಡೀತಾರೇನು? ಏನ್ ತಿಳಕೊಂಡೀ ನನ್ನ?"

ನೀರು ಬೇಡದ್ದಕ್ಕೆ ನೀರು, ನೀರು ಕುಡಿದದ್ದಕ್ಕೆ ಉಪವಾಸ. ನಾನು ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಎರಡನ್ನೂ ನೋಡಿದೆ. ಏನೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ನಾನಿಲ್ಲದಿದ್ದರೆ ನನ್ನ ಗಿಡ ಸುಖವಾಗಿರುತ್ತದೆ. ಅದನ್ನೇ ಹೇಳಿದೆ.

"ಹಂಗಾದ್ರ ವರ್ಷಾ ಬ್ಯಾಸಿಗಿಗಿ ನಾ ತವರಿಗಿ ಹೋಗಿಬಿಡ್ತೀನ್ರಿ ಅತ್ತೀ. ಗಿಡ ಚೊಲೊ ಹೂ ಬಿಡ್ತದ."

ಅತ್ತೆ ಮಗುವನ್ನು ನನ್ನ ಹೆಗಲಿನಿಂದ ಕಿತ್ತುಕೊಂಡರು.

"ಗಿಡ ಬಿಡ್ತದ. ನಾ ಏನ್ ಲೋಳಸರ ಏನ್ ಬೇ, ನೀ ಬರೂತನ ಬಾಗಿಲಿಗಿ ಜೋತಾಡ್ಕೊಂತ ಇರಾಕ?"