ಅಪಶಕುನ ತಡೆಯುವ ಇಂಗ್ಲಿಷ್

ಗಂಡ ತೀರಿಕೊಂಡ ಮೇಲೆ ನಾನು ಕಾಶಿಯ ಕೇದಾರ ಘಾಟಿನಲ್ಲಿದ್ದ ಅಣ್ಣನ ಮನೆ ಸೇರಿದೆ. ಕರ್ನಾಟಕದಿಂದ ಬಂದು ಮನೆಯಲ್ಲೇ ಇಳಿಯುವ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವುದು ಅವನ ವೃತ್ತಿ. ಬೆಳಿಗ್ಗೆ ಅವರು ಘಾಟಿಗೆ ಹೊರಡುವಾಗ ನಾನು ಎದುರಿಗೆ ಬರುವಂತಿರಲಿಲ್ಲ.

"ನಂಗೇನಿಲ್ಲಮ್ಮ, ಬಂದೋರು ಏನಾದ್ರೂ ಅಂದ್ಕೋತಾರೆ" ಎನ್ನುತ್ತಿದ್ದ ಅಣ್ಣ.

ಅವರು ತಿರುಗಿ ಬರುವಷ್ಟರಲ್ಲಿ ಅಷ್ಟೂ ಜನಕ್ಕೆ ಅಡುಗೆ ಮಾಡಿಡುತ್ತಿದ್ದವಳು ನಾನೇ. ನನ್ನ ಕೈ ಅಡುಗೆಗೆ ಮಾತ್ರ ಯಾವ ಅಪಶಕುನವೂ ಅಂಟುತ್ತಿರಲಿಲ್ಲ.

ಅಣ್ಣನ ಮಗಳು ಇಲ್ಲೇ ಬೆಳೆದವಳು. ನನ್ನನ್ನು ಅತ್ತೆ ಎನ್ನದೆ ಹಿಂದಿಯವರಂತೆ ಬುವಾ ಎನ್ನುತ್ತಾಳೆ. ಸಂಜೆ ಅವಳಿಗೆ ಇಂಗ್ಲಿಷ್ ಹೇಳಿಕೊಡುವುದೂ ನನ್ನ ಪಾಲಿಗೇ ಬಂದಿತ್ತು. ಒಂದು ದಿನ ಬೇಡದ್ದನ್ನು ತಡೆಯುವ ಕ್ರಿಯಾಪದಗಳ ಪಾಠ: ಪ್ರಿವೆಂಟ್, ಅವರ್ಟ್, ವಾರ್ಡ್ ಆಫ್. ಸೊಳ್ಳೆಪರದೆ, ಜ್ವರ ಎಂದೆಲ್ಲ ಉದಾಹರಣೆ ಕೊಟ್ಟು, ವಾರ್ಡ್ ಆಫ್‌ಗೆ ನೀನೇ ಒಂದು ವಾಕ್ಯ ಮಾಡು ಎಂದೆ.

ಅವಳು ಯೋಚಿಸಲೂ ಇಲ್ಲ. ಅಪಶಕುನ ತಡೆಯಲು ನಮ್ಮ ಬುವಾ ಬೆಳಿಗ್ಗೆ ಅಡುಗೆಮನೆಯಲ್ಲೇ ಇರುತ್ತಾರೆ ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿ, "ಸಹೀ ಹೈ ನಾ, ಬುವಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಕೂತಿದ್ದ ಅಣ್ಣ, "ಪರವಾಗಿಲ್ಲ, ಚೆನ್ನಾಗೇ ಕಲಿಸಿದ್ದೀಯ" ಎಂದು ನನ್ನನ್ನು ಹೊಗಳಿದ.