ಚೆನ್ನೈ ಸ್ಕೂಟರಿಗೆ ಬೆಂಗಳೂರಿನ ಹೊಗೆ

"ಫೇಲ್ ಸಾರ್."

ಹತ್ತನೇ ಕ್ಲಾಸಿನ ಗಣಿತದ ನಂತರ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಈ ಸಲ ಹೇಳಿದವನು ಬನಶಂಕರಿಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಎಮಿಷನ್ ಟೆಸ್ಟ್ ಮಾಡುವ ವ್ಯಾನಿನವನು. ಫೇಲಾದದ್ದು ನಾನಲ್ಲ, ನನ್ನ ಹಳೇ ಸ್ಕೂಟರ್. (ಆದರೂ ಕ್ಯೂನಲ್ಲಿದ್ದವರೆಲ್ಲ ನೋಡಿದ್ದು ನನ್ನ ಮುಖವನ್ನೇ.)

ಚೆನ್ನೈಯಲ್ಲಿ ಒಂಬತ್ತು ವರ್ಷ ಒಮ್ಮೆಯೂ ಕೆಮ್ಮದ ಗಾಡಿ ಅದು. ಮೊನ್ನೆ ಮೊನ್ನೆ ವರ್ಗವಾಗಿ ಬಂದು, ಕುಮಾರಸ್ವಾಮಿ ಲೇಔಟಿನ ಮಾವನ ಮನೆಯ ಮಹಡಿಯಲ್ಲಿ ಸಂಸಾರ ಹೂಡಿದ್ದೇವೆ. ಇಲ್ಲಿ ಓಡಿಸಲು ಕೆಎ ನಂಬರ್ ಬೇಕು. ಅದಕ್ಕೆ ಈ ಸರ್ಟಿಫಿಕೇಟ್ ಬೇಕು.

"ಮಾರಿಬಿಡಿ ರೀ, ಇನ್ನೂ ಎಷ್ಟು ದಿನ ಇದನ್ನ ಕಟ್ಕೊಂಡು ಒದ್ದಾಡ್ತೀರಾ?" ಎಂದಳು ಹೆಂಡತಿ. ಗ್ಯಾರೇಜಿನವನು ಗಾಡಿ ಮುಟ್ಟದೆಯೇ ತೀರ್ಪು ಕೊಟ್ಟ. "ಇಂಜಿನ್ ಹೋಗಿದೆ ಸಾರ್. ಗುಜರಿಗೆ ಹಾಕೋದು ಬೆಸ್ಟು."

ಗುಜರಿಗೆ? ನಿಜ ಹೇಳಲಾ, ಅಳುವೇ ಬಂತು. ಮೊದಲ ಸಂಬಳದಲ್ಲಿ ಬುಕ್ ಮಾಡಿದ ಗಾಡಿ. ಆಗ ಅಲ್ಲೇ ಕೆಲಸದಲ್ಲಿದ್ದ ಇವಳನ್ನು ಮದುವೆಗೆ ಮುಂಚೆ ಬೀಚಿಗೆ ಕರೆದೊಯ್ದದ್ದೂ ಇದರಲ್ಲೇ. (ಪುಣ್ಯಕ್ಕೆ ಮಾವ ಈ ಅಂಕಣ ಓದುವುದಿಲ್ಲ.)

ಕೊನೆಯ ಪ್ರಯತ್ನವೆಂದು ಶನಿವಾರ ಮತ್ತೆ ವ್ಯಾನಿನ ಮುಂದೆ ನಿಂತೆ. ಈ ಸಲ ಅವನು ಬಗ್ಗಿ ನೋಡಿದ.

"ಸಾರ್, ಚೋಕ್ ಎಳ್ದೇ ಇದೆಯಲ್ಲ! ಹೊಗೆ ಬರ್ದೆ ಇನ್ನೇನು ಬರುತ್ತೆ?"

ಚೋಕಾ? ಚಳಿಯಲ್ಲಿ ಇಂಜಿನ್ ಸ್ಟಾರ್ಟ್ ಆಗಲೆಂದು, ಅದಕ್ಕೆ ಹೆಚ್ಚು ಪೆಟ್ರೋಲ್ ಕುಡಿಸಲು ಎಳೆಯುವ, ಸೀಟಿನ ಕೆಳಗಿನ ಆ ಪುಟ್ಟ ನಾಬ್. ಚೆನ್ನೈಯಲ್ಲಿ ಚಳಿ ಎಲ್ಲಿಂದ ಬರಬೇಕು? ನಾನದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಹಾಗಾದರೆ ಎಳೆದವರು ಯಾರು?

ಮಾವ! ದಿನಾ ಬೆಳಿಗ್ಗೆ ಆರಕ್ಕೆ ಮಂಕಿ ಕ್ಯಾಪ್ ಹಾಕಿಕೊಂಡು, ನನ್ನ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡುತ್ತಾರೆ. "ಚೆನ್ನೈ ಗಾಡಿ, ಪಾಪ, ನಮ್ಮ ಚಳಿ ತಡ್ಕೊಳ್ಳಲ್ಲ" ಎನ್ನುತ್ತಾರೆ. ಚೋಕ್ ಎಳೆಯುವುದು ಅವರಿಗೆ ನೆನಪಿರುತ್ತದೆ. ವಾಪಸ್ ಒತ್ತುವುದು ಮರೆತುಹೋಗುತ್ತದೆ.

ನಾಬ್ ಒತ್ತಿ, ಒಂದು ರೌಂಡ್ ಹೊಡೆದು ಬಂದೆ. ಪಾಸ್!

ಗೇಟಿನಲ್ಲೇ ಮಾವ ಸರ್ಟಿಫಿಕೇಟ್ ಇಸಿದುಕೊಂಡು, ಕನ್ನಡಕ ಏರಿಸಿ, ಪೂರ್ತಿ ಓದಿದರು. ಮುಖ ಅರಳಿತು. "ನೋಡಿದ್ರಾ ಅಳಿಯಂದ್ರೇ? ದಿನಾ ಬೆಚ್ಚಗೆ ಮಾಡಿದ್ದಕ್ಕೂ ಸಾರ್ಥಕ ಆಯ್ತು!"

"ಎಲ್ಲಾ ನಿಮ್ಮಿಂದ್ಲೇ ಮಾವ" ಎಂದೆ.

ಈಗ ದಿನಾ ಆರೂಕಾಲಿಗೆ ಕೆಳಗಿಳಿದು, ಸದ್ದಿಲ್ಲದೆ ನಾಬ್ ಒತ್ತಿ ಬರುತ್ತೇನೆ. ಗಾಡಿಯೇನೋ ಪಾಸಾಯಿತು, ಮಾವನಿಗೆ ನಿಜ ಹೇಳಿ ಪಾಸಾದ ಅಳಿಯ ನಿಮಗೆ ಯಾರಾದರೂ ಗೊತ್ತೇ?