ರೆಕಾರ್ಡಿನ ಮೇಲಿನ ಕುಂಕುಮ

ಬಲಗಿವಿಯಿಂದ ಹತ್ತಿ ತೆಗೆಸಿಕೊಂಡ ದಿನ ಅಣ್ಣ ಗೌರಿಬಿದನೂರಿನ ತನ್ನ ಮನೆಗೆ ಹೋಗದೆ, ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರದಿಂದಲೇ ಶಿಡ್ಲಘಟ್ಟದ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಕುಡುಮಲಕುಂಟೆಯ ಕಾರ್ಖಾನೆಯ ಸದ್ದಿನಲ್ಲಿ ದುಡಿದು ಅವನ ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯ ತಮಟೆ ತೂತಾಗಿ ಆಪರೇಷನ್ ಆಗಿತ್ತು. ಅದೂ ಕೈಕೊಟ್ಟರೆ ಮುಗಿಯಿತು. ಎಷ್ಟು ಕೇಳಿಸುತ್ತದೆ ಅನ್ನೋದು ನಿಧಾನಕ್ಕೆ ತಿಳಿಯುತ್ತದೆ ಎಂದಷ್ಟೇ ಡಾಕ್ಟರು ಹೇಳಿದ್ದರಂತೆ.

“ಮೊದಲು ನಮ್ಮ ರೆಕಾರ್ಡು ಹಾಕಮ್ಮ,” ಎಂದ, ಚಪ್ಪಲಿ ಬಿಡುತ್ತಲೇ.

ನಮ್ಮ ರೆಕಾರ್ಡು ಎಂದರೆ ಇಂಗ್ಲಿಷ್ ಹಾರ್ಡ್ ರಾಕ್. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣ ಹಳೇ ಸಾಮಾನಿನ ಅಂಗಡಿಯಿಂದ ಪ್ಲೇಯರ್ ಸಮೇತ ತಂದದ್ದು. ನನ್ನ ಮದುವೆಯಾದಾಗ ನನಗೇ ಕೊಟ್ಟುಬಿಟ್ಟ. ಮಾತು ಒಂದೂ ತಿಳಿಯದು. ಆದರೆ ಭಜನೆಯಲ್ಲಿ ಕಣ್ಣು ಮುಚ್ಚಿ ಗಂಟಲು ಬಿರಿಯುವಂತೆ ಹಾಡುವವರ ಪಕ್ಕ ಕೂತು ಬೆಳೆದವಳು ನಾನು. ಆ ಹಾಡುಗಾರನ ಕೂಗು ನನಗೆ ಹೊಸದೆನ್ನಿಸಲಿಲ್ಲ. ಈಗಲೂ ಶನಿವಾರ ಆಂಜನೇಯನ ಗುಡಿಗೆ ಹೋಗಿ ಬಂದು, ಬೇಳೆ ಬೇಯಲು ಇಟ್ಟು, ಒಂದು ಬದಿ ಕೇಳುತ್ತೇನೆ.

ಹೋದ ಆಯುಧಪೂಜೆಯಲ್ಲಿ ನಮ್ಮತ್ತೆ ಮಿಕ್ಸಿ, ಹೊಲಿಗೆ ಯಂತ್ರ, ಸ್ಕೂಟರಿಗೆಲ್ಲ ಗಂಧ ಕುಂಕುಮ ಇಡುತ್ತ ಬಂದವರು, ಪ್ಲೇಯರಿನ ಮೇಲಿದ್ದ ರೆಕಾರ್ಡಿಗೂ ಇಟ್ಟುಬಿಟ್ಟಿದ್ದರು.

“ತಿರುಗೋದು ಅದೇ ಅಲ್ವೇನಮ್ಮ? ಪೆಟ್ಟಿಗೆಗೆ ಇಟ್ಟು ಅದಕ್ಕೆ ಬಿಟ್ರೆ ಆಗ್ತದಾ? ಕರ್ರಗೆ ಬೋಳಾಗಿತ್ತು.”

ಒದ್ದೆ ಹತ್ತಿಯಲ್ಲಿ ಎಷ್ಟು ಒರೆಸಿದರೂ ಗೆರೆಗಳೊಳಗೆ ಚೂರು ಉಳಿಯಿತು. ಅಲ್ಲಿಗೆ ಬಂದಾಗ ಪ್ರತಿ ಸುತ್ತಿಗೂ ಮುಳ್ಳು ಸಣ್ಣಗೆ ಟಕ್ ಎನ್ನುತ್ತದೆ. ಆಪರೇಷನ್ನಿಗೆ ಮುಂಚೆ, ದೀಪಾವಳಿಗೆ ಬಂದಿದ್ದ ಅಣ್ಣ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಹಾಡು ಕೇಳಿದ್ದ. ಆ ಟಕ್ ಅವನಿಗೆ ಗೊತ್ತೇ ಆಗಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಈಗ ದೇವರಿಗೆ ದೀಪ ಹಚ್ಚಿ ಬಂದು ಮುಳ್ಳು ಇಳಿಸಿದೆ. ಗಿಟಾರು, ಡ್ರಮ್ಮು ಗುಡುಗಿದವು. ಅಣ್ಣ ತಲೆದೂಗಿದ. ನನಗೆ ಸಮಾಧಾನವಾಗಲಿಲ್ಲ. ಆ ಸದ್ದು ಕಿವಿ ಕೇಳದವರ ಎದೆಗೂ ತಟ್ಟುತ್ತದೆ. ಅದು ಮುಗಿದು ಮೆಲ್ಲನೆಯ ಹಾಡು ಶುರುವಾಯಿತು. ಒಂದೇ ಗಿಟಾರು, ಬಿಡಿಬಿಡಿಯಾಗಿ. ಅಣ್ಣ ಹುಬ್ಬು ಗಂಟಿಕ್ಕಿದ.

“ಏನಮ್ಮ ಇದು, ಟಕ್ ಟಕ್ ಅಂತದೆ? ನಮ್ಮ ರೆಕಾರ್ಡಲ್ಲಿ ಇದಿರ್ಲಿಲ್ಲ.”

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆಯೇ ಹೇಳಿದರು: “ಅದು ನಾನಿಟ್ಟ ಕುಂಕುಮ ಕಣಪ್ಪ. ಹಬ್ಬದ ದಿನಾನೂ ನಿಮ್ಮ ತಂಗಿ ಅದಕ್ಕೇ ಮುಖ ಊದಿಸ್ಕೊಂಡಿದ್ಲು.”

“ಊದಿಸ್ಕೊಳ್ದೆ ಇನ್ನೇನಮ್ಮ, ಒಳ್ಳೇ ಹಾಡಿಗೇ ಇಟ್ಟಿದೀರಲ್ಲ.”

ನಾನು ಸದ್ದು ತಗ್ಗಿಸಿದೆ. ಇನ್ನಷ್ಟು ತಗ್ಗಿಸಿ ಅವನ ಮುಖ ನೋಡಿದೆ.

“ಕೇಳಿಸ್ತದೆ ಬಿಡೇ. ಹಾಡೇ ನಿಲ್ಸಿಬಿಟ್ಟೀಯ.”

ಅಡುಗೆಮನೆಗೆ ಹೋಗಿ ಹಾಲು ಇಟ್ಟೆ. ಇಷ್ಟು ವರ್ಷ ಅವನ ಎದುರಿಗೆ ನಿಂತು ಕಿರುಚಿಯೇ ಮಾತಾಡಿದ್ದೆ. ಈಗ ಗೋಡೆಗೆ ಮುಖ ಮಾಡಿಕೊಂಡು, ನನಗೆ ನಾನೇ ಹೇಳಿಕೊಳ್ಳುವಂತೆ ಕೇಳಿದೆ: “ಕಾಫಿಗೆ ಸಕ್ಕರೆ ಹಾಕ್ಲಾ ಅಣ್ಣ?”

“ಹಾಕು. ನಿಮ್ಮತ್ತೆ ಕುಂಕುಮ ಇಟ್ಟಂಗೆ ಸುರೀಬೇಡ.”

ಒಲೆಯ ಮುಂದೆಯೇ ಕೈ ಮುಗಿದೆ. ಅಷ್ಟರಲ್ಲಿ ಹಾಲು ಉಕ್ಕಿತ್ತು.